ತಾರಸಿಯ ನೀರು ಹೋದದ್ದೆಲ್ಲಿಗೆ

ಮೇಸ್ತ್ರಿ ಅಣ್ಣನವರಿಗೆ ನಮಸ್ಕಾರ.

ಸುತ್ತಿಗೆ, ಉಳಿ ಹೊತ್ತು ಬಂದಿರುತ್ತೀರಿ. ದಯವಿಟ್ಟು ಗೇಟಿನಲ್ಲೇ ನಿಂತು ಇದನ್ನು ಓದಿ. ತಾರಸಿ ಒಡೆಯಬೇಡಿ. ನಿಮ್ಮ ಕೆಲಸದಲ್ಲಿ ತಪ್ಪಿಲ್ಲ.

ವಾಟರ್‌ಪ್ರೂಫಿಂಗ್ ಮುಗಿಸಿ, ಸೋರುತ್ತದೋ ಇಲ್ಲವೋ ನೋಡಲು ತಾರಸಿಯಲ್ಲಿ ನೀರು ಕಟ್ಟಿ, ಗೋಡೆಗೆ ಗೆರೆ ಎಳೆದು ಹೋದಿರಲ್ಲ, ಆ ಗೆರೆಯನ್ನು ನಾನು ಕೂಸಿನ ಜ್ವರ ನೋಡುವ ಹಾಗೆ ಬೆಳಿಗ್ಗೆ ಸಂಜೆ ನೋಡುತ್ತಿದ್ದೆ. ನಿದ್ದೆಗೆಟ್ಟ ತಲೆ ಬೇರೆ. ನೀರು ಗೆರೆಯಿಂದ ಕೆಳಗಿಳಿದದ್ದು ಕಂಡಿದ್ದೇ ತಡ, ಫೋನಿನಲ್ಲಿ ನಿಮ್ಮ ಮೇಲೆ ಹರಿಹಾಯ್ದೆ. "ಸೋರೋ ಕೋಣೇಲಿ ಕೂಸನ್ನ ಹೇಗ್ರೀ ಮಲಗಿಸ್ಲಿ?" ಎಂದೆ. ನೀವು ಪಾಪ, "ಎಲ್ಲಾ ಕಿತ್ತು ಹೊಸದಾಗಿ ಮಾಡ್ಕೊಡ್ತೀನಿ ತಾಯಿ" ಅಂದಿರಿ.

ನಿನ್ನೆ ಹೊತ್ತಲ್ಲದ ಹೊತ್ತಿನಲ್ಲಿ ಮೇಲೆ ಹೋದರೆ, ನಮ್ಮ ಅತ್ತೆ ತೋಳೇರಿಸಿಕೊಂಡು ಅದೇ ನೀರು ಮೊಗೆದು ಕೂಸಿನ ಬಟ್ಟೆ ಒಗೆಯುತ್ತಿದ್ದಾರೆ! ಗಿಡಗಳಿಗೂ ಬಕೆಟ್ಟುಗಟ್ಟಲೆ ಹಾಕಿದ್ದಾರಂತೆ. "ಇಷ್ಟು ನೀರು ಸುಮ್ನೆ ನಿಂತಿದ್ರೆ ನೋಡ್ಕೊಂಡಿರೋಕಾಗುತ್ತೇನೇ? ಬಾ, ನೀನೂ ಎರಡು ಬಟ್ಟೆ ಹಿಂಡು" ಅಂದರು.

ಕೆಳಗೆ ಬಂದು ಸ್ಟೂಲು ಹತ್ತಿ ಕೋಣೆಯ ಚಾವಣಿ ಮುಟ್ಟಿ ನೋಡಿದೆ. ಎಲ್ಲೂ ಪಸೆಯಿಲ್ಲ. ಸೋರುವ ಭಯಕ್ಕೆ ಹಾಲ್‌ಗೆ ತಂದಿಟ್ಟಿದ್ದ ತೊಟ್ಟಿಲು ಮತ್ತೆ ಆ ಕೋಣೆ ಸೇರಿತು.

ಇನ್ನೊಮ್ಮೆ ನೀರು ಕಟ್ಟುವುದಾದರೆ ಧಾರಾಳವಾಗಿ ಕಟ್ಟಿ, ಅತ್ತೆಯನ್ನು ಕಾಯುವ ಹೊಣೆ ನನ್ನದು. ನಾನು ಅಂದದ್ದನ್ನೆಲ್ಲ ಹೊಟ್ಟೆಗೆ ಹಾಕಿಕೊಳ್ಳಿ. ಸಿಟ್ಟು ಇಳಿದಿಲ್ಲವೆಂದರೆ ಮಧ್ಯಾಹ್ನ ಬಂದು ನಾಲ್ಕು ಬೈದು ಹೋಗಿ, ಈಗ ಮಾತ್ರ ಬೆಲ್ ಒತ್ತಬೇಡಿ. ಕೂಸು ಅದರ ಕೋಣೆಯಲ್ಲಿ ಮಲಗಿದೆ.

ನಾನೂ ಮಲಗಿದ್ದೇನೆ.

ಇಂತಿ,
ನೀವು 'ತಾಯಿ' ಎನ್ನುವ
ಕೂಸಿನ ಅಮ್ಮ