ಗೋಡೆಯ ತಗ್ಗುಗಳು

ಹೊಳೆನರಸೀಪುರ, ಮಾರ್ಚ್ 12, ಗುರುವಾರ

ಎಷ್ಟು ಉಜ್ಜಿದರೂ ಉಗುರಿನ ಸಂದಿಯ ಬಣ್ಣ ಹೋಗುತ್ತಿಲ್ಲ.

ಹಾಲ್‌ಗೆ ಈ ಮಾಸಲು ಗುಲಾಬಿ ಆರಿಸಿದವಳು ನಾನೇ. ಕಣ್ಣಿಗೆ ರಾಚದ ಬಣ್ಣ, ಮನಸ್ಸು ತಣ್ಣಗಾಗುತ್ತದೆ ಎಂದು ಅಂಗಡಿಯವನು ಹೇಳಿದ್ದ. ನನ್ನ ಗಂಡ ರಜನೀಶನ ಮನಸ್ಸೂ ತಣ್ಣಗಾಗಲಿ ಅಂದುಕೊಂಡೆ. ಹದಿನಾಲ್ಕು ವರ್ಷ ಸಂಸಾರ ಮಾಡಿದ ಮೇಲೂ ಇಂಥ ದಡ್ಡತನ!

ಸೋಮವಾರ ಪೇಂಟರ್ ಚನ್ನಪ್ಪ ಪುಟ್ಟಿ ಹಾಕುವ ಮುಂಚೆ ಗೋಡೆಗೆ ಓರೆಯಾಗಿ ಟಾರ್ಚ್ ಬಿಟ್ಟ. ತಗ್ಗುಗಳೆಲ್ಲ ಎದ್ದು ಕಂಡವು.

"ಇದೇನಕ್ಕಾ, ಎಲ್ಲಾ ನಿಮ್ ತಲೆ ಎತ್ರಕ್ಕೇ ಅವೆ?" ಅಂದವನು ನನ್ನ ಮುಖ ನೋಡಿ ಟಾರ್ಚ್ ಆರಿಸಿದ. ಒಂದೊಂದನ್ನೂ ಪುಟ್ಟಿಯಿಂದ ತುಂಬಿದ.

ಇವತ್ತು ಎರಡನೇ ಕೋಟ್ ಮುಗಿಸಿ ಅವನು ಹಳ್ಳಿಮೈಸೂರಿನ ಬಸ್ಸಿಗೆ ಹೊರಟ ಹಿಂದೆಯೇ ರಜನೀಶ ಬಂದ.

"ಯಾರ್ನ್ ಕೇಳಿ ಒಡಿಸ್ದೆ ಈ ಬಣ್ಣನ?" ಅಂತ ನನ್ನ ಜಡೆಗೆ ಕೈ ಹಾಕಿದ. ಮೂಲೆಯಲ್ಲಿದ್ದ ರೋಲರಿನ ಕೋಲು ನನ್ನ ಕೈಗೆ ಸಿಕ್ಕಿತು. ಅದನ್ನು ಅವನ ಕತ್ತಿಗೆ ಅಡ್ಡ ಹಿಡಿದು, ಇದ್ದಬದ್ದ ಶಕ್ತಿಯಿಂದ ಗೋಡೆಗೆ ನೂಕಿದೆ. ತಲೆ ಬಡಿದ ಆ ಸದ್ದು ನನಗೆ ಚೆನ್ನಾಗಿ ಗೊತ್ತು. ಹೊರಗಿನಿಂದ ಕೇಳಿದ್ದು ಇದೇ ಮೊದಲು. ಮತ್ತೆ ನೂಕಿದೆ. ಮತ್ತೆ.

"ಬುಟ್ಬುಡೇ, ಸತ್ತೋಯ್ತೀನಿ" ಅಂದ. ಅದು ಇಷ್ಟು ದಿನ ನನ್ನ ಮಾತಾಗಿತ್ತು.

ತಲೆಗೆ ಟವೆಲ್ ಒತ್ತಿಕೊಂಡು ಅರಕಲಗೂಡಿಗೆ, ಅವನ ಅಮ್ಮನ ಮನೆಗೆ ಹೋಗಿದ್ದಾನೆ.

ನಾಳೆ ಏಣಿ ಒಯ್ಯಲು ಚನ್ನಪ್ಪ ಬರುತ್ತಾನೆ. ಹೊಸ ತಗ್ಗು ಅವನ ಕಣ್ಣಿಗೆ ಬಿದ್ದೇ ಬೀಳುತ್ತದೆ. ಅದು ನನ್ನ ತಲೆಗಿಂತ ಒಂದು ಗೇಣು ಮೇಲಿದೆ. ತುಂಬಬೇಡ ಅನ್ನಬೇಕು.