ಪೈಪಿನೊಳಗಿನ ಬನಿಯನ್

ಹದಿನಾಲ್ಕು, ಮಂಗಳವಾರ.

ಆ ಬನಿಯನ್ ಚೂರು ಕಣ್ಣ ಮುಂದಿನಿಂದ ಹೋಗುತ್ತಲೇ ಇಲ್ಲ.

ಆಸ್ಪತ್ರೆಯ ಜೀಪು ಹದಿನೈದು ದಿನದಿಂದ ಗುಡ್ಡ ಹತ್ತುವಾಗೆಲ್ಲ ಕುದಿಯುತ್ತಿತ್ತು. ನಾನು ಡ್ರೈವರನನ್ನೇ ಗೇಲಿ ಮಾಡುತ್ತಿದ್ದೆ, ನಿನ್ನ ತಲೆಬಿಸಿ ಗಾಡಿಗೂ ಅಂಟಿದೆ ಅಂತ. ಡಾಕ್ಟರಮ್ಮ ಅದನ್ನು ನಂಬಿಬಿಟ್ಟರು. ನಾಳೆಯಿಂದ ಬೇರೆ ಡ್ರೈವರ್ ಎಂದಿದ್ದರು.

ಇವತ್ತು ಜೀಪನ್ನು ನನ್ನ ಗ್ಯಾರೇಜಿಗೆ ತರಿಸಿ, ಎಂಜಿನ್ ಚಾಲೂ ಮಾಡಿ ಮುಟ್ಟಿ ನೋಡಿದೆ. ಎಂಜಿನ್ ಕೆಂಡ, ರೇಡಿಯೇಟರ್ ಮಾತ್ರ ತಣ್ಣಗೆ. ಅಂದರೆ ಬಿಸಿನೀರು ಅಲ್ಲಿಗೆ ತಲುಪುತ್ತಲೇ ಇಲ್ಲ. ಆರಿಸಿ, ತಣಿದ ಮೇಲೆ ಮೇಲಿನ ಪೈಪು ಬಿಚ್ಚಿದರೆ ನನ್ನದೇ ಹಳೇ ಬನಿಯನ್ ಚೂರು. ಹೋದ ಸಲ ಜೀಪಿನ ನೀರಿನ ಪಂಪು ಬದಲಿಸುವಾಗ ಕಸ ಬೀಳದಿರಲೆಂದು ತುರುಕಿ ಮರೆತಿದ್ದೆ.

ಡ್ರೈವರ್ ಅದನ್ನೇ ನೋಡಿದ. ಬೈಯಲಿಲ್ಲ. "ಇದೂ ನಿಮ್ ತಮಾಷೆನಾ ಮಾವ?" ಅಂದ, ಮೆಲ್ಲಗೆ. ತಪ್ಪಿಸಿಕೊಳ್ಳಲು ದಾರಿ ಬಿಟ್ಟುಕೊಟ್ಟ ಪುಣ್ಯಾತ್ಮ.

"ಇಲ್ಲಪ್ಪ, ನನ್ ತಪ್ಪು," ಅಂದೆ. ಡಾಕ್ಟರಮ್ಮನಿಗೂ ಫೋನಿನಲ್ಲಿ ಅದನ್ನೇ ಹೇಳಿದೆ.

"ಅವನ್ನ ಉಳಿಸೋಕೆ ಎಂಥಾ ಕಥೆ ಕಟ್ತೀರಿ ಅಜ್ಜ," ಎಂದು ನಕ್ಕರು.

ತಮಾಷೆಯನ್ನು ನಂಬಿದವರು ನಿಜಕ್ಕೆ ನಕ್ಕರು. ನಲವತ್ತು ವರ್ಷ ಊರನ್ನೆಲ್ಲ ಮಂಗ ಮಾಡಿದ್ದಕ್ಕೆ ಸಿಕ್ಕ ಬಹುಮಾನ.

ಬೆಳಿಗ್ಗೆ ಬನಿಯನ್ ಹಿಡಿದು ನಾನೇ ಆಸ್ಪತ್ರೆಗೆ ಹೋಗಬೇಕು. ನನ್ನ ಹೆಂಡತಿ ಅದನ್ನು ಸೋಪಿನ ನೀರಿಗೆ ಹಾಕಲು ಹೊರಟಿದ್ದಳು.

"ಮುಟ್ಬೇಡ ತಾಯಿ, ಕೊಳೆ ಹಾಗೇ ಇರ್ಲಿ. ಅದ್ರ ಮಾತನ್ನಾದ್ರೂ ಅವ್ರು ನಂಬ್ತಾರೆ."

"ನಿಮಗಿಂತ ಅದಕ್ಕೇ ಮರ್ಯಾದೆ ಜಾಸ್ತಿ ಬಿಡಿ," ಅಂದಳು.

ಬನಿಯನ್ ಮೇಜಿನ ಮೇಲಿದೆ. ಡ್ರೈವರನಿಗೆ ಇವತ್ತು ನಿದ್ದೆ ಬಂತೋ ಇಲ್ಲವೋ. ಆಸ್ಪತ್ರೆಗೆ ಹೋಗುವ ಮೊದಲು ಅವನ ಮನೆಗೇ ಹೋಗಿ, ಆ ಗೇಲಿಗೂ ತಪ್ಪಾಯ್ತು ಅನ್ನಬೇಕು.