ಮೂರನೇ ಪ್ರೆಸ್ಸಿನ ಕೀಲಿ

ಮಾರ್ಚ್ 3, ಬೆಳಿಗ್ಗೆ

ತಗಡು ಒತ್ತುವ ಮೂರನೇ ಪ್ರೆಸ್ ಮತ್ತೆ ಓಡುತ್ತಿದೆ. ಹೇಳಿದವನು ಬಾಮೈದ. ಅದರ ಮುಂದೆ ಕೂರಿಸಿರುವುದೂ ಅವನನ್ನೇ. ನನ್ನ ಬಲಗೈಯ ಮೂರು ಬೆರಳು ತೆಗೆದುಕೊಂಡ ಯಂತ್ರ. ತೊಳೆದು ಬಣ್ಣ ಬಳಿದಿದ್ದಾರಂತೆ. ಮದುಮಗಳ ಹಾಗಿದೆಯಂತೆ.

"ಸೆನ್ಸರ್?" ಎಂದೆ.

"ಕೀಲಿ ಹಾಕೇ ಇದೆ ಭಾವ. ಇಲ್ದಿದ್ರೆ ಟಾರ್ಗೆಟ್ ಎಲ್ಲಾಗುತ್ತೆ?"

ಕೈ ಕಂಡರೆ ಪ್ರೆಸ್ ನಿಲ್ಲಿಸುವುದು ಸೆನ್ಸರ್; ಕೀಲಿ ತಿರುಗಿಸಿದರೆ ಅದು ಕುರುಡು. ಕೈ ಒಳಗಿದ್ದರೂ ಪ್ರೆಸ್ ಇಳಿಯುತ್ತದೆ. ಹೊರಗಿನ ಸಾಹೇಬರು ತಪಾಸಣೆಗೆ ಬರುವ ಸುದ್ದಿ ಸಿಕ್ಕರೆ ಸೂಪರ್‌ವೈಸರ್ ಕೀಲಿ ಕಿತ್ತು ಜೇಬಿಗೆ ಹಾಕುತ್ತಾನೆ. ಅವರ ಕಾರು ಗೇಟು ದಾಟಿದೊಡನೆ ಮತ್ತೆ ಹಾಕುತ್ತಾನೆ. ನಾವೂ ಅದನ್ನು ಕೆಲಸದ ಭಾಗವೆಂದೇ ಕಲಿತೆವು.

"ನಾನು ಹುಷಾರಾಗಿರ್ತೀನಿ ಬಿಡಿ" ಎಂದ. ನಾನೂ ಹುಷಾರಾಗಿಯೇ ಇದ್ದೆ.

ಮಾರ್ಚ್ 6

ಡ್ಯೂಟಿಗೆ ಹಾಜರು. ಮ್ಯಾನೇಜರ್ ಎದ್ದು ಕೈ ಚಾಚಿದ — ಬಲಗೈ. ಆಮೇಲೆ ನೆನಪಾಗಿ ಭುಜ ತಟ್ಟಿದ. ಹೊಸ ಹುದ್ದೆ: 'ಸುರಕ್ಷತಾ ರಾಯಭಾರಿ'. ಒಂದು ಹಳದಿ ಜಾಕೆಟ್, ಒಂದು ಕುರ್ಚಿ. ಹೊಸಬರ ಬ್ಯಾಚ್ ಬಂದಾಗಲೆಲ್ಲ ಕೈ ಎತ್ತಿ ತೋರಿಸಿ, "ನನ್ನ ಅಜಾಗರೂಕತೆಯಿಂದ ಹೀಗಾಯಿತು" ಎನ್ನಬೇಕು. ಮೃಗಾಲಯದ ಕೋತಿಯಾದರೂ ಇಷ್ಟವಿಲ್ಲದಿದ್ದರೆ ಬೆನ್ನು ತಿರುಗಿಸಿ ಕೂರುತ್ತದೆ.

"ಸ್ವಲ್ಪ ಫೀಲ್ ಇರಲಿ" ಎಂದ. "ಅಳು ಬಂದ್ರೆ ತಡೀಬೇಡ."

ಸಂಜೆ

ಹೆಂಡತಿ: "ಹೇಳ್ಬಿಡಿ ರೀ. ನಾಲಿಗೆ ಏನು ಸವೆದುಹೋಗುತ್ತಾ? ಕುರ್ಚಿ ಆದ್ರೂ ಉಳಿಯುತ್ತೆ."

"ನಿನ್ನ ತಮ್ಮನ ಕೈ?"

ಒಗೆದ ಬಟ್ಟೆಯನ್ನೇ ಮತ್ತೊಮ್ಮೆ ನೆನೆಹಾಕಿದಳು.

ಮಾರ್ಚ್ 9

ಮೊದಲ ಭಾಷಣ. ಕಲಿಸಿದ್ದನ್ನೇ ಹೇಳಿದೆ. ಜೋರು ಚಪ್ಪಾಳೆ. ಮ್ಯಾನೇಜರ್ ಕರ್ಚೀಫು ತೆಗೆದು ಒಣಕಣ್ಣು ಒರೆಸಿಕೊಂಡ. ಕಂಪನಿಯ ಗೋಡೆಗೆ ನನ್ನ ಫೋಟೋ. ಕೈ ಮಾತ್ರ ಫ್ರೇಮಿನ ಹೊರಗೆ — ನೋಡುವವರಿಗೆ ಬೇಸರವಾಗುತ್ತದಂತೆ.

ಮಾರ್ಚ್ 23

ಬಾಮೈದನ ಗ್ಲೌಸಿನ ತುದಿ ಪ್ರೆಸ್ಸಿಗೆ ಸಿಕ್ಕಿತು. ಬೆರಳು ಉಳಿದಿದೆ. ಹೇಳಿದವಳು ಹೆಂಡತಿ. ಅವನು ಅಪ್ಪಚ್ಚಿಯಾದ ಗ್ಲೌಸನ್ನು ಅಕ್ಕನಿಗೆ ತೋರಿಸಿ ನಕ್ಕನಂತೆ. ಅವಳು ನಗಲಿಲ್ಲ. "ನೀವೇ ಏನಾದ್ರೂ ಮಾಡ್ರೀ" ಎಂದಳು. ಕುರ್ಚಿಯ ಮಾತು ಎತ್ತಲಿಲ್ಲ.

ಮಾರ್ಚ್ 24

ಎರಡನೇ ಭಾಷಣ. ಕಾರ್ಖಾನೆ ಇನ್ಸ್‌ಪೆಕ್ಟರ್ ಮುಖ್ಯ ಅತಿಥಿ. ಕೊರಳಲ್ಲಿ ಹಾರ, ಕೈಯಲ್ಲಿ ಜ್ಯೂಸ್. ಮೈಕ್ ಹಿಡಿದೆ. ಹೇಳಿದೆ — "ಸಾರ್, ಸೆನ್ಸರ್ ಬಂದ್ ಮಾಡೋ ಕೀಲಿ ಈಗ ಸೂಪರ್‌ವೈಸರ್ ಜೇಬಲ್ಲಿದೆ. ನೀವು ಹೋದ್ಮೇಲೆ ಪ್ರೆಸ್ಸಿಗೆ ಹೋಗುತ್ತೆ. ಈಗ್ಲೇ ನೋಡಿ."

ಸೂಪರ್‌ವೈಸರ್ ತಟ್ಟನೆ ಜೇಬು ಮುಚ್ಚಿಕೊಂಡ. ಅದಕ್ಕಿಂತ ದೊಡ್ಡ ಪುರಾವೆ ಏನು ಬೇಕು? ಇನ್ಸ್‌ಪೆಕ್ಟರ್ ಜೇಬು ನೋಡಿದ. ಗಡಿಯಾರ ನೋಡಿದ. "ಇದು ಟೆಕ್ನಿಕಲ್ ವಿಷಯ. ಕೂತು ಮಾತಾಡೋಣ" ಎಂದು ಜ್ಯೂಸ್ ಮುಗಿಸಿದ. ತಳದ ಹನಿಯನ್ನೂ ಬಿಡಲಿಲ್ಲ. ಕರ್ತವ್ಯನಿಷ್ಠೆ.

ಮೈಕ್ ಆಫ್ ಆಯಿತು.

ಮಾರ್ಚ್ 25

ಸಸ್ಪೆಂಡ್. ಕಾರಣ: ಕಂಪನಿಯ ಹೆಸರಿಗೆ ಮಸಿ. ಜಾಕೆಟ್ ವಾಪಸ್ ಕೊಡಬೇಕಂತೆ, ಒಗೆದು.

ಏಪ್ರಿಲ್ 7

ಬಾಮೈದ ಬಂದಿದ್ದ. ಬಾಗಿಲಲ್ಲೇ ನಿಂತ.

"ನನ್ನನ್ನ ಪ್ಯಾಕಿಂಗಿಗೆ ಹಾಕಿದ್ದಾರೆ ಭಾವ. ಪ್ರೆಸ್ ಸಹವಾಸ ಇಲ್ಲ ಇನ್ನು."

"ಒಳ್ಳೇದಾಯ್ತು."

"ವಿಚಾರಣೇಲಿ ಕೀಲಿ ಅನ್ನೋದೇ ಇರಲಿಲ್ಲ ಅಂತ ಹೇಳ್ಬೇಕಂತೆ. ಹೂಂ ಅಂದ್ಬಿಟ್ಟೆ."

ಅವನ ಅಕ್ಕ ನೀರು ಬೇಕಾ ಎಂದೂ ಕೇಳಲಿಲ್ಲ. ನಾನು ಅವನ ಕೈ ನೋಡಿದೆ. ಹತ್ತೂ ಇವೆ. ನಾನು ಬಯಸಿದ್ದು ಅದೇ ತಾನೇ... ಮೂರನೇ ಪ್ರೆಸ್ಸಿನಲ್ಲಿ ಈಗ ಹೊಸ ಬ್ಯಾಚಿನವನೊಬ್ಬ.

ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ನನ್ನ ಮೇಲಿನ ವಿಚಾರಣೆ. ಮೊದಲು ಬಾಮೈದನ ಸಾಕ್ಷಿ, ಆಮೇಲೆ ನನ್ನದು.